ಅಕ್ಕನ ಕುರ್ಚಿಯ ಎರಡನೆಯ ತಂತಿ

ನನ್ನ ಕಸುಬಿಗೆ ಒಂದು ಮೂಲಮಂತ್ರವಿದೆ: ಒಂದು ತಂತಿ ನೀನು ಎಳೆ, ಎರಡನೆಯದನ್ನು ಗಾಡಿಯ ಮೈ ನೋಡಿಕೊಳ್ಳುತ್ತದೆ. ಲಾರಿ, ಟ್ರ್ಯಾಕ್ಟರ್, ಜೀಪು ಯಾವುದೇ ಇರಲಿ, ಬ್ಯಾಟರಿಯಿಂದ ದೀಪಕ್ಕೆ ಹೋಗುವುದು ಒಂದೇ ತಂತಿ. ಕರೆಂಟು ಮರಳಿ ಬರುವುದು ಕಬ್ಬಿಣದ ಚೌಕಟ್ಟಿನ ಮೂಲಕ. ಇದಕ್ಕೆ ಬಾಡಿ ಅರ್ಥಿಂಗ್ ಎನ್ನುತ್ತಾರೆ. ಹುಮನಾಬಾದಿನಲ್ಲಿ, ಹೈವೇ ಪಕ್ಕದ ತಗಡಿನ ಶೆಡ್ಡಿನಲ್ಲಿ, ನನ್ನ ಉಸ್ತಾದರು ಒಂದು ಸುಟ್ಟ ಲಾರಿಯ ಕೆಳಗೆ ಮಲಗಿಕೊಂಡೇ ನನಗೆ ಈ ದೀಕ್ಷೆ ಕೊಟ್ಟರು. ಹದಿನೈದು ವರ್ಷ ನಾನು ಅದಕ್ಕೆ ನಿಷ್ಠನಾಗಿ ಬಾಳಿದೆ. ದೇವರ ವಿಷಯದಲ್ಲೂ ಇಷ್ಟು ನಿಷ್ಠೆ ತೋರಿಸಿದವನಲ್ಲ. ಆ ನಿಷ್ಠೆಯಿಂದ ಏನಾಯಿತು ಎಂಬುದನ್ನು ಬರೆಯಬೇಕಾಗಿದೆ.

ನನ್ನ ಅಕ್ಕನಿಗೆ ಮೂರನೆಯ ವಯಸ್ಸಿಗೆ ಪೋಲಿಯೋ ಬಂದು ಎರಡೂ ಕಾಲು, ಎಡಗೈ ಸೋತುಹೋದವು. ಉಳಿದ ಬಲಗೈ ಮತ್ತು ನಾಲಿಗೆಯ ಬಲದಿಂದ ಅವಳು ಬಸವಕಲ್ಯಾಣದ ಬಸ್‌ಸ್ಟ್ಯಾಂಡಿನ ಸಮೀಪ ಎಸ್‌ಟಿಡಿ ಬೂತ್ ನಡೆಸಿದಳು. ತೊಂಬತ್ತರ ದಶಕದಲ್ಲಿ ಅಂಗವಿಕಲರಿಗೆ ಅಂಥ ಬೂತುಗಳು ಸಿಗುತ್ತಿದ್ದವು. ಒಂದು ಗಾಜಿನ ಡಬ್ಬಿ, ಅದರೊಳಗೆ ಒಂದು ಫೋನು, ಹೊರಗೆ ಮೇಜಿನ ಮುಂದೆ ಅಕ್ಕ. ಊರಿನ ಹುಟ್ಟು, ಸಾವು, ಮುರಿದ ಲಗ್ನ ಎಲ್ಲವೂ ಮೊದಲು ಅವಳ ಕಿವಿಗೆ ಬಿದ್ದು ಆಮೇಲೆ ಸಂಬಂಧಪಟ್ಟವರಿಗೆ ತಲುಪುತ್ತಿತ್ತು. ಮುಡಬಿಯ ಗೌಡನೊಬ್ಬ ಪುಣೆಯ ಅಳಿಯನ ಜೊತೆ ಮಾತಾಡುವ ದನಿಗೆ ಗಾಜು ಅದುರುತ್ತಿತ್ತು. ಅಕ್ಕ ಅವನಿಗೆ, "ಗೌಡ್ರೆ, ಫೋನ್ ಇಟ್ಟು ಮಾತಾಡ್ರಿ, ಹಂಗೂ ಕೇಳಸ್ತದ," ಎನ್ನುತ್ತಿದ್ದಳು.

ಅವಳನ್ನು ಬೂತಿಗೆ ಒಯ್ಯುವುದು ನನ್ನ ಕೆಲಸ. ಮನೆಯಿಂದ ಬೂತಿಗೆ ನಡುವೆ ಒಂದು ಏರು. ಬೆಳಿಗ್ಗೆ ಗಾಲಿಕುರ್ಚಿ ದೂಡಿಕೊಂಡು ಹೋಗಿ, ಅವಳನ್ನು ಕೂರಿಸಿ, ಹುಮನಾಬಾದ್ ಬಸ್ಸು ಹಿಡಿಯುತ್ತಿದ್ದೆ. ಸಂಜೆ ಮರಳಿ ಬಂದು ದೂಡಿಕೊಂಡು ಮನೆಗೆ. ನಡುವಿನ ಅಷ್ಟೂ ಹೊತ್ತು ಅವಳು ಆ ಕುರ್ಚಿಯಲ್ಲೇ. ಅವ್ವನಿಗೆ ಮೊಣಕಾಲು ಬೇನೆ, ಮನೆಯೊಳಗಾದರೆ ಅಕ್ಕನನ್ನು ಎತ್ತಿ ಇಳಿಸುವಳು, ಏರು ಹತ್ತಿ ಬರಲಾರಳು.

ಆದ್ದರಿಂದ ಅಕ್ಕ ನೀರು ಕುಡಿಯುತ್ತಿರಲಿಲ್ಲ.

ಇದು ನನಗೆ ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಅವ್ವ ದಿನಾ ಬೆಳಿಗ್ಗೆ ಚರಿಗೆ ತುಂಬ ನೀರು ತಂದು ಅವಳ ಮುಂದಿಡುವಳು. ಅಕ್ಕ ತುಟಿ ತೋಯಿಸಿ ಕೆಳಗಿಡುವಳು. ಕಲ್ಯಾಣದ ಬೇಸಗೆಯಲ್ಲೂ ಅಷ್ಟೇ. ಒಂದು ಸಲ ಮೂತ್ರದ ಉರಿ ಜೋರಾಗಿ ದವಾಖಾನೆಗೆ ಕರೆದೊಯ್ದಾಗ ಡಾಕ್ಟರು, "ನೀರು ಚೆನ್ನಾಗಿ ಕುಡಿಯಬೇಕಮ್ಮ," ಎಂದರು.

"ಕುಡೀತೀನ್ರಿ," ಎಂದಳು ಅಕ್ಕ. "ಕುಡದ ಮ್ಯಾಲ ನನ್ನ ಮನೀಗಿ ಒಯ್ಯೋರನ್ನೂ ಅದೇ ಚೀಟಿಯೊಳಗ ಬರೀರಿ. ಹೊತ್ತಿಗಿ ಎರಡು ಸಲ."

ಡಾಕ್ಟರು ನಕ್ಕರು. ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರನ್ನು ಬಹಳ ಗಮನವಿಟ್ಟು ಓದಿದೆ.

ಹೊಸ ಶತಮಾನ ಬಂದ ಒಂದೆರಡು ವರ್ಷಕ್ಕೆ ಬ್ಯಾಟರಿ ಕುರ್ಚಿ ಬಂತು. ಹುಮನಾಬಾದಿನ ಒಬ್ಬ ದಾಲ್ ವ್ಯಾಪಾರಿಯ ಲಾರಿಗಳಿಗೆ ನಾನು ವೈರಿಂಗ್ ಮಾಡುತ್ತಿದ್ದೆ. ಅವರ ತಂದೆ ಕೊನೆಯ ದಿನಗಳಲ್ಲಿ ಹೈದರಾಬಾದಿನಿಂದ ತರಿಸಿದ್ದ ಪರದೇಶದ ಕುರ್ಚಿ ಗೋದಾಮಿನಲ್ಲಿ ಬೇಳೆ ಚೀಲಗಳ ಹಿಂದೆ ಕೂತಿತ್ತು. "ಒಯ್ರಿ. ಅಪ್ಪಾರು ಹೋದ್ರು, ಇದು ಹೋಗವಲ್ದು," ಎಂದರು. ಕೈಯ ಹತ್ತಿರ ಒಂದು ಸಣ್ಣ ಕಡ್ಡಿ. ಮುಂದಕ್ಕೆ ಬಾಗಿಸಿದರೆ ಮುಂದೆ, ಹಿಂದಕ್ಕೆ ಬಾಗಿಸಿದರೆ ಹಿಂದೆ. ಒಂದು ಕೈಯಿದ್ದವರಿಗೆ ಒಂದು ಕೈ ಸಾಕು.

ಸಪಾಟು ನೆಲದ ಮೇಲೆ ಅದು ಮದುವಣಿಗನ ಕುದುರೆಯ ಗಾಂಭೀರ್ಯದಿಂದ ನಡೆಯಿತು. ಏರಿನ ಅರ್ಧಕ್ಕೆ ಬಂದು ನಿಂತುಬಿಟ್ಟಿತು. ಮೂರು ದಿನ ನೋಡಿದೆವು, ಮೂರು ದಿನವೂ ಅದೇ ಅರ್ಧ. ಅಕ್ಕ ಕಡ್ಡಿಯಿಂದ ಕೈ ತೆಗೆದು, "ಇದಕ್ಕೂ ಕಾಲಿಲ್ಲ ಕಾಣಸ್ತದ ತಮ್ಮಾ," ಎಂದಳು.

ನಾನು ಶಪಥ ಮಾಡಿ ಅದನ್ನು ಹುಮನಾಬಾದ್ ಬಸ್ಸಿನ ಮೇಲೇರಿಸಿದೆ. ಕಂಡಕ್ಟರ್ ಕೆಳಗಿನಿಂದ ಅದನ್ನೇ ನೋಡುತ್ತ ಕೇಳಿದ, "ಇದು ಸಾಮಾನೇನ್ರಿ, ಮಂದಿಯೇನ್ರಿ? ಸೀಟ್ ಅಂತೂ ಅದೇ ತಂದದ."

"ಪೇಷಂಟ್ ಅದ. ರಿಪೇರಿಗಿ ಒಯ್ಯಾಕತ್ತೀನಿ."

"ಹಂಗಿದ್ರ ಹುಷಾರಿ ಕಟ್ರಿ. ರಾಜೇಶ್ವರ ದಾಟೋತನಕ ರೋಡ್ ಖರಾಬ್ ಅದ, ಪೇಷಂಟ್ ಅಲ್ಲೇ ಇಳೀಬಾರದು."

ಶೆಡ್ಡಿನಲ್ಲಿ ಕುರ್ಚಿಯನ್ನು ಬಿಚ್ಚಿದಾಗ ರೋಗ ಸ್ಪಷ್ಟವಾಗಿಯೇ ಕಂಡಿತು. ಎರಡೂ ಮೋಟರಿಗೆ ದೋಷವಿಲ್ಲ, ಬ್ಯಾಟರಿ ಎರಡೂ ಹೊಸವೇ ಹಾಕಿದ್ದೆ. ನಡುವಿನ ದಾರಿ ಕೆಟ್ಟಿತ್ತು. ತಂತಿಗಳು ಸಣಕಲು. ಅವು ಕೂಡುವ ಕಡೆಯ ಕನೆಕ್ಟರುಗಳ ಒಳಗೆ ಹಸಿರು ಕಿಲುಬು, ಪ್ಲಾಸ್ಟಿಕ್ಕು ಕಂದಿ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಏರಿನಲ್ಲಿ ಮೋಟರು ಹೆಚ್ಚು ಕರೆಂಟು ಕೇಳುತ್ತದೆ. ಇಂಥ ತಂತಿ ಮತ್ತು ಇಂಥ ಜೋಡಣೆ ಅದರಲ್ಲಿ ಅರ್ಧವನ್ನು ತಾವೇ ಕಾವಾಗಿ ತಿಂದು ಉಳಿದದ್ದನ್ನು ಮುಂದೆ ಕಳಿಸುತ್ತವೆ. ಈ ಸ್ವಭಾವವನ್ನು ಮನುಷ್ಯರಲ್ಲೂ ಕಂಡಿದ್ದರಿಂದ ನನಗೆ ಆಶ್ಚರ್ಯವೇನೂ ಆಗಲಿಲ್ಲ.

ಆಶ್ಚರ್ಯವಾದದ್ದು ಬೇರೆಯದಕ್ಕೆ. ಆ ಕುರ್ಚಿಯಲ್ಲಿ ಎಲ್ಲ ಕಡೆ ತಂತಿಗಳು ಎರಡೆರಡು. ಹೋಗಲು ಒಂದು, ಬರಲು ಒಂದು. ಚೌಕಟ್ಟು ಅಪ್ಪಟ ಉಕ್ಕಿನದು, ಆದರೂ ಒಂದೇ ಒಂದು ತಂತಿ ಅದನ್ನು ಮುಟ್ಟದ ಹಾಗೆ ಮಡಿಯಿಂದ ಎಳೆದಿದ್ದರು. ಪರದೇಶದವರ ದುಂದುಗಾರಿಕೆಯ ಬಗ್ಗೆ ಕೇಳಿದ್ದೆ, ಕಣ್ಣಾರೆ ಕಂಡದ್ದು ಅಂದೇ. ಉಸ್ತಾದರು ಇದ್ದಿದ್ದರೆ ತೋರಿಸಿ ಇಬ್ಬರೂ ನಗುತ್ತಿದ್ದೆವು. ಆದರೆ ಅವರು ಕಣ್ಣಿನ ಪೊರೆ ತೆಗೆಸಿಕೊಂಡು ಮನೆಯಲ್ಲಿದ್ದರು. ಒಬ್ಬನೇ ನಕ್ಕೆ.

ನಾಲ್ಕು ದಿನ ಲಾರಿಗಳನ್ನು ಕಾಯಿಸಿ ಕುರ್ಚಿಯ ಕೆಲಸ ಮಾಡಿದೆ. ಲಾರಿಗೆ ಹಾಕುವ ದಪ್ಪ ಕೆಂಪು ಕೇಬಲ್ ಎಳೆದೆ. ಪ್ರತಿ ತುದಿಗೂ ಥಿಂಬಲ್ ಎಂಬ ತಾಮ್ರದ ಟೊಪ್ಪಿಗೆ ಹಾಕಿ, ಜಗ್ಗಿದರೆ ತಂತಿ ಹರಿದೀತೇ ಹೊರತು ಕಳಚದ ಹಾಗೆ ಒತ್ತಿದೆ. ಹಳೆಯ ಕನೆಕ್ಟರುಗಳನ್ನು ಕಿತ್ತು ಹೊಸ ಗಟ್ಟಿ ಕನೆಕ್ಟರುಗಳನ್ನು ಕೂರಿಸಿದೆ. ಫ್ಯೂಸನ್ನು ಅಕ್ಕನ ಬಲಗೈಗೆ ಎಟುಕುವಂತೆ ಮುಂದೆ, ಕಡ್ಡಿಯ ಪಕ್ಕಕ್ಕೆ ತಂದೆ. ಕಡೆಗೆ, ಮರಳಿ ಬರುವ ತಂತಿಗಳನ್ನೆಲ್ಲ ಸುರುಳಿ ಸುತ್ತಿ ಮೊಳೆಗೆ ತೂಗುಹಾಕಿ, ಬ್ಯಾಟರಿಯ ಮೈನಸ್ಸನ್ನು ಚೌಕಟ್ಟಿಗೆ ಬೋಲ್ಟ್ ಹಾಕಿ ಬಿಗಿದೆ. ಬಣ್ಣ ಕೆರೆದು, ಬೆಳ್ಳಗೆ ಹೊಳೆಯುವ ತನಕ ಉಜ್ಜಿ, ಬಿಗಿದೆ. ನನ್ನ ಜೀವಮಾನದಲ್ಲಿ ಅಷ್ಟು ಚೆಂದದ ಅರ್ಥಿಂಗ್ ಇನ್ನೊಂದು ಮಾಡಿಲ್ಲ.

ಕುರ್ಚಿ ಏರು ಹತ್ತಿತು. ನಿಲ್ಲಲಿಲ್ಲ, ಏದುಸಿರು ಬಿಡಲಿಲ್ಲ. ಅಕ್ಕ ಮೇಲೆ ಹೋಗಿ, ತಿರುಗಿ, ಕೆಳಗೆ ಬಂದು, ಮತ್ತೊಮ್ಮೆ ಮೇಲೆ ಹೋದಳು. ಮನೆಗೆ ಬಂದು ಅವ್ವನನ್ನು ಕರೆದು ನೀರು ಕೇಳಿದಳು. ಚರಿಗೆಯನ್ನು ಎತ್ತಿ, ತಲೆ ಹಿಂದಕ್ಕೆ ಚೆಲ್ಲಿ, ಗಂಟಲು ಕಾಣುವಂತೆ ಪೂರ್ತಿ ಕುಡಿದು ಬರಿದಾದ ಚರಿಗೆಯನ್ನು ನನ್ನ ಕೈಗೆ ಕೊಟ್ಟಳು. ಕಸುಬಿನಲ್ಲಿ ನನಗೆ ಸಿಕ್ಕ ಬಹುಮಾನ ಅದೊಂದೇ. ಹೆಚ್ಚು ದಿನ ಉಳಿಯಲಿಲ್ಲ.

ಎರಡು ತಿಂಗಳಿನಷ್ಟು ಕಾಲ ಅಕ್ಕ ಒಬ್ಬಳೇ ಹೋಗಿ ಒಬ್ಬಳೇ ಬಂದಳು. ಮಧ್ಯಾಹ್ನ ಬೇಕೆಂದಾಗ ಬೂತಿಗೆ ಚಿಲಕ ಹಾಕಿ ಮನೆಗೆ ಬಂದು, ಅವ್ವನ ಸಹಾಯದಿಂದ ಕೆಲಸ ಮುಗಿಸಿಕೊಂಡು, ಮತ್ತೆ ಹೋಗುವಳು. ಬಸ್‌ಸ್ಟ್ಯಾಂಡಿನ ಚಹಾದಂಗಡಿಯವನು, "ಅಕ್ಕಾರ ಮೋಟಾರ್ ಬಂತು, ದಾರಿ ಬಿಡ್ರಿ," ಎಂದು ಕೂಗಿದರೆ, "ನಿನ್ನ ಚಹಾದಾಗಿನ ನೀರು ಕುಡುದ್ರೂ ಈಗ ನನಗೇನು ಅಂಜಿಕಿಲ್ಲ ನೋಡು," ಎನ್ನುವಳು. ಆಗಲೇ ಊರಲ್ಲಿ ಮೊಬೈಲುಗಳು ಕಾಣಿಸಿಕೊಂಡು ಬೂತಿನ ಗಾಜಿನ ಡಬ್ಬಿ ಬಹಳ ಹೊತ್ತು ಖಾಲಿ ಇರುತ್ತಿತ್ತು. ಅಕ್ಕನಿಗೆ ಅದರ ಪರಿವೆ ಇದ್ದಂತೆ ಕಾಣಲಿಲ್ಲ. ಅವಳು ಹೋಗುತ್ತಿದ್ದಳು, ಬರುತ್ತಿದ್ದಳು.

ಒಂದು ಮಧ್ಯಾಹ್ನ, ಎಂದಿನಂತೆ ನೀರು ಕುಡಿದಿದ್ದರಿಂದ, ಅವಳು ಮನೆಗೆ ಹೊರಟಳು. ಏರಿನ ತಲೆಯ ಮೇಲೆ, ಇಳಿಯುವ ಮೊದಲು, ಸೀಟಿನ ಕೆಳಗಿನಿಂದ ಹೊಗೆ ಬಂತು. ಕಡ್ಡಿ ಬಿಟ್ಟಳು, ಸ್ವಿಚ್ಚು ತೆಗೆದಳು, ಕಡೆಗೆ ಎಟುಕುವಂತೆ ನಾನಿಟ್ಟಿದ್ದ ಫ್ಯೂಸನ್ನೂ ಕಿತ್ತಳು. ಹೊಗೆ ನಿಲ್ಲಲಿಲ್ಲ. ಆಮೇಲೆ ಬೆಂಕಿ. ಚಹಾದಂಗಡಿಯವನು ಓಡಿ ಬಂದು ಎರಡೂ ಕಂಕುಳಿಗೆ ಕೈ ಹಾಕಿ ಅವಳನ್ನು ಎಳೆದು ರಸ್ತೆಗೆ ಹಾಕುವ ಹೊತ್ತಿಗೆ ಸೀರೆಯ ಅಂಚು ಹತ್ತಿ ಬಲಗಾಲಿನ ಮೀನಖಂಡ ಬೆಂದಿತ್ತು. ಪೋಲಿಯೋ ಕಾಲಿನ ಬಲವನ್ನಷ್ಟೇ ಒಯ್ಯುತ್ತದೆ. ನೋವನ್ನು ಇದ್ದಲ್ಲೇ ಬಿಟ್ಟುಹೋಗುತ್ತದೆ.

ಶೆಡ್ಡಿನ ಪಕ್ಕದ ಟಯರಿನ ಅಂಗಡಿಗೆ ಫೋನು ಬಂತು. ಬಸ್ಸು ಅಂದು ರಾಜೇಶ್ವರದಲ್ಲಿ ನಿಂತಿತು, ಬಂಗ್ಲಾ ಕ್ರಾಸಿನಲ್ಲಿ ನಿಂತಿತು, ಕೈ ಎತ್ತಿದವರಿಗೆಲ್ಲ ನಿಂತಿತು. ದವಾಖಾನೆಯಲ್ಲಿ ಅಕ್ಕ ಬೋರಲಾಗಿ ಮಲಗಿದ್ದಳು. ನನ್ನನ್ನು ನೋಡಿ ಹೇಳಿದ್ದು, "ಬೂತಿನ ಚಿಲಕಾ ಹಾಕೇನಿ, ಕೀಲಿ ಹಾಕಿಲ್ಲ. ನೋಡ್ಕೊಂಡು ಬಾ," ಎಂದು.

ಕುರ್ಚಿಯ ಅವಶೇಷವನ್ನು ಮನೆಯ ಅಂಗಳದಲ್ಲಿ ಬಿಚ್ಚಿದೆ. ಕೆಂಪು ಕೇಬಲ್ ಸೀಟಿನ ಕೀಲಿನ ಮೇಲೆ ಹಾದುಹೋಗುವ ಕಡೆ, ಕುರ್ಚಿ ಕುಲುಕಿದಾಗಲೆಲ್ಲ ಉಜ್ಜಿ ಉಜ್ಜಿ, ರಬ್ಬರು ಸವೆದು ತಾಮ್ರ ಹೊರಬಂದು ಚೌಕಟ್ಟಿಗೆ ತಾಗಿತ್ತು. ಫ್ಯೂಸು ಇದ್ದದ್ದು ಅದರಿಂದ ಮುಂದೆ. ಸುಟ್ಟದ್ದು ಬ್ಯಾಟರಿಗೂ ಫ್ಯೂಸಿಗೂ ನಡುವಿನ ತುಂಡು. ಅವಳು ಏನು ಕಿತ್ತಿದ್ದರೂ ಆ ತುಂಡಿನ ಬೆಂಕಿ ನಿಲ್ಲುವಂತಿರಲಿಲ್ಲ. ಪರದೇಶದವರು ಬಿಗಿದಂತೆಯೇ ಬಿಟ್ಟಿದ್ದರೆ ಆ ತಾಮ್ರ ವರ್ಷಗಟ್ಟಲೆ ಚೌಕಟ್ಟಿಗೆ ತಾಗಿಕೊಂಡಿದ್ದರೂ ಏನೂ ಆಗುತ್ತಿರಲಿಲ್ಲ. ಚೌಕಟ್ಟು ಸತ್ತ ಕಬ್ಬಿಣ. ಅದಕ್ಕೆ ಜೀವ ಕೊಟ್ಟವನು ನಾನು, ಬಣ್ಣ ಕೆರೆದು, ಬೆಳ್ಳಗೆ ಉಜ್ಜಿ.

ಸುಟ್ಟ ತುಂಡನ್ನು ಜೇಬಿನಲ್ಲಿಟ್ಟುಕೊಂಡು ಉಸ್ತಾದರ ಮನೆಗೆ ಹೋದೆ. ಎರಡನೆಯ ಕಣ್ಣಿನ ಪೊರೆಯನ್ನೂ ತೆಗೆಸಿಕೊಂಡು, ಕಪ್ಪು ಕನ್ನಡಕ ಹಾಕಿ ಮಂಚದ ಮೇಲೆ ಕೂತಿದ್ದರು. ತಂತಿಯನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದರು. ನಾನು ಎಲ್ಲ ಹೇಳಿದೆ. ಕಡೆಗೆ, "ನೀವು ಕಲಿಸಿದಂಗೇ ಮಾಡಿದೆ ಉಸ್ತಾದ್," ಎಂದೆ. ಅದನ್ನು ಹೇಳಬಾರದಿತ್ತು, ಆದರೆ ಹೇಳಲೆಂದೇ ಅಷ್ಟು ದೂರ ಹೋಗಿದ್ದೆ.

ಅವರು ಸಿಟ್ಟಾಗಲಿಲ್ಲ. "ನಾ ಕಲಿಸಿದ್ದು ಲಾರಿದು ಬೇಟಾ," ಎಂದರು. "ಲಾರಿಗಿ ಬೆಂಕಿ ಹತ್ತಿದ್ರ ಡ್ರೈವರ್ ಜಿಗಿದು ಓಡ್ತಾನ. ನಿಮ್ಮ ಅಕ್ಕ ಹ್ಯಾಂಗ ಓಡಬೇಕು?"

ಚಹಾ ಬಂತು. ಇಬ್ಬರೂ ಕುಡಿದೆವು.

ಅಕ್ಕನ ಕಾಲು ಮಾಯುವುದಕ್ಕೆ ಎಷ್ಟು ದಿನ ಬೇಕಾಯಿತೋ ಅಷ್ಟು ದಿನ ನಾನು ಕುರ್ಚಿಯ ಮುಂದೆ ಕೂತಿದ್ದೆ. ಸುಟ್ಟ ಸೀಟು ಬದಲಿಸಿ, ಶೆಡ್ಡಿನ ಮೊಳೆಗೆ ತೂಗುಹಾಕಿದ್ದ ಸುರುಳಿಯನ್ನು ತಂದು ಅದು ಹಾದುಹೋಗಿದ್ದ ದಾರಿಯನ್ನು ಓದಿದೆ. ಈ ಸಲ ಎರಡೆರಡು ದಪ್ಪ ತಂತಿ, ಕೆಂಪಿಗೆ ಜೊತೆಯಾಗಿ ಕಪ್ಪು. ಕೀಲಿನ ಹತ್ತಿರ ರಬ್ಬರಿನ ಕೊಳವೆ. ಫ್ಯೂಸು ಬ್ಯಾಟರಿಯ ಮಗ್ಗುಲಲ್ಲೇ. ಚೌಕಟ್ಟಿನ ಬೋಲ್ಟ್ ಬಿಚ್ಚಿ, ಬಿಳಿಚಿದ ಜಾಗಕ್ಕೆ ಬಣ್ಣ ಬಳಿದೆ. ಕಲ್ಲು ತುಂಬಿದ ಎರಡು ಚೀಲ ಕೂರಿಸಿ ಏರನ್ನು ಎಂಟು ದಿನ ಹತ್ತಿಸಿ ಇಳಿಸಿದೆ. ಊರಿನವರು ಚೀಲಗಳ ಆರೋಗ್ಯ ವಿಚಾರಿಸತೊಡಗಿದರು.

ಬೂತ್ ತೆರೆಯುವ ದಿನ ಅಕ್ಕನನ್ನು ಕೂರಿಸಿ ತಂತಿಗಳನ್ನು ಒಂದೊಂದಾಗಿ ತೋರಿಸಿದೆ. ಇಲ್ಲಿ ಹೋಗುತ್ತದೆ, ಇಲ್ಲಿ ಬರುತ್ತದೆ, ಇಲ್ಲಿ ತಾಗಿದರೂ ಏನೂ ಆಗುವುದಿಲ್ಲ. ಪರೀಕ್ಷೆಗೆ ಓದಿದವನಂತೆ ಒಪ್ಪಿಸಿದೆ. ಅವಳು ಎಲ್ಲಕ್ಕೂ ತಲೆಯಾಡಿಸಿದಳು.

"ಚೊಲೋ ಮಾಡೀದಿ," ಎಂದಳು.

ಅವ್ವ ಚರಿಗೆ ತಂದಿಟ್ಟಳು.

"ಆವತ್ತು ನೀರು ಕುಡೀದಿದ್ರ ನಾ ಬೂತಿನ್ಯಾಗೇ ಇರ್ತಿದ್ದೆ ನೋಡವ್ವಾ," ಎಂದಳು ಅಕ್ಕ. ದೂರಿನ ದನಿಯಲ್ಲ, ರೈಲಿನ ವೇಳೆ ಹೇಳುವ ದನಿ. ತುಟಿ ತೋಯಿಸಿ ಕೆಳಗಿಟ್ಟಳು. ಬಲಗೈಯನ್ನು ಕಡ್ಡಿಯ ಮೇಲಿಡದೆ ಮಡಿಲಲ್ಲಿ ಇಟ್ಟುಕೊಂಡಳು.

"ದೂಡು ತಮ್ಮಾ. ನಿನ್ನ ಬಸ್ ಹೋಗ್ತದ."

ಬ್ಯಾಟರಿ ಕುರ್ಚಿಯನ್ನು ಕೈಯಿಂದ ದೂಡಬೇಕಾದರೆ ಮೋಟರನ್ನು ಗಾಲಿಯಿಂದ ಬಿಡಿಸುವ ಒಂದು ಹಿಡಿಕೆ ಇರುತ್ತದೆ. ಬಗ್ಗಿ ಅದನ್ನು ತಿರುಗಿಸಿದೆ. ಎರಡು ಬ್ಯಾಟರಿ, ಎರಡು ಮೋಟರು, ಎರಡೆರಡು ದಪ್ಪ ತಂತಿ, ಹಳೆಯ ಕುರ್ಚಿಗಿಂತ ಮೂರು ಪಟ್ಟು ಭಾರ. ಏರಿನ ಅರ್ಧಕ್ಕೆ ಬಂದಾಗ ಉಸಿರು ಕಟ್ಟಿ ನಿಂತೆ. ಅಕ್ಕ ತಿರುಗಿ ನೋಡಲಿಲ್ಲ. ನನ್ನ ಉಸಿರು ಮರಳುವ ತನಕ ಕಾದಳು.