ಅಮ್ಮನ ಗೇರಿಗೊಂದು ಹಿತ್ತಾಳೆ ಬುಷ್

ಅಮ್ಮ ಮೊದಲ ಸಲ ಡ್ರೈವಿಂಗ್ ಟೆಸ್ಟಿನಲ್ಲಿ ಫೇಲಾಗಿದ್ದು ರಿವರ್ಸ್ ಗೇರಿನಿಂದ. ನಮ್ಮ ಹಳೇ ಕಾರಿನ ಗೇರ್ ಕಂಬಿಯ ತುದಿಯ ನಾಬ್ ಮೇಲಿದ್ದ ಅಂಕಿಗಳು ಸವೆದುಹೋಗಿದ್ದವು; ಪಾಪ, ರಿವರ್ಸ್ ಅಂದುಕೊಂಡು ನಾಲ್ಕನೇ ಗೇರ್ ಹಾಕಿದ್ದಳು. ಎರಡನೇ ಟೆಸ್ಟಿಗೆ ಕಣ್ಣಿಗೆ ಹೊಡೆಯುವಂಥ ಅಂಕಿಗಳಿದ್ದ ಹೊಸ ನಾಬನ್ನು ಆನ್‌ಲೈನಿನಲ್ಲಿ ತರಿಸಿದೆ. ಅಲ್ಲಿಯವರೆಗೆ ನಾನು ಒಳ್ಳೆಯ ಮಗ.

ಟೆಸ್ಟಿನ ದಿನ ಬೆಳಿಗ್ಗೆ ಹಳೇ ನಾಬ್ ಬಿಚ್ಚಲು ಹೋದರೆ ಅದು ತಿರುಗಲೇ ಇಲ್ಲ. ಸುತ್ತಿಗೆ ತಂದೆ. ತೆಂಗಿನಕಾಯಿಯೂ ಅಷ್ಟು ಸಮನಾಗಿ ಎರಡು ಹೋಳಾಗುವುದಿಲ್ಲ. ಹೊಸದರ ತೂತೋ ಗೇರ್ ಕಂಬಿಗಿಂತ ದೊಡ್ಡದು. ಕಂಬಿಗೆ ನಲ್ಲಿ ಸೋರದಂತೆ ಸುತ್ತುವ ಬಿಳಿ ಟೇಪನ್ನು ಒಂದು ರೋಲ್ ಪೂರ್ತಿ ಸುತ್ತಿ ನಾಬ್ ಒತ್ತಿದೆ. ಸೆಕೆಂಡ್ ಗೇರಿಗೆ ಎಳೆದಾಗ ನಾಬ್ ನನ್ನ ಕೈಯಲ್ಲಿತ್ತು, ಕಂಬಿ ಅಲ್ಲೇ ಇತ್ತು.

“ಎರಡು ಗಂಟೆಗೆ ಟೆಸ್ಟು ಕಣೋ!” ಗೇಟಿನ ಹತ್ತಿರದಿಂದ ಅಮ್ಮ. “ಬರೀ ಕಂಬಿ ಹಿಡ್ಕೊಂಡು ಹೋಗ್ಲಾ? ಸಿಟಿ ಬಸ್ಸಾ ಇದು?”

ಬಸವೇಶ್ವರನಗರದಿಂದ ನಾಯಂಡಹಳ್ಳಿಯ ಲೇತ್ ಅಂಗಡಿಯವರೆಗೆ ಬರೀ ಕಂಬಿ ಹಿಡಿದೇ ಓಡಿಸಿದೆ. ಅಲ್ಲಿನ ಟರ್ನರ್ ಬಾಗಲಕೋಟೆ ಕಡೆಯವರು. ಕಾರಿನೊಳಗೆ ಬಗ್ಗಿ ನನ್ನ ಕೈಕೆಲಸ ನೋಡಿದರು.

“ಏನ್ರೀ ಇದು? ಬಾಣಂತಿ ತಲೀಗೆ ಸುತ್ತಿದಂಗ ಸುತ್ತೀರಲ್ಲ!”

ಟೇಪ್ ಕಿತ್ತು, ಕಂಬಿಯ ತುದಿಯ ತಿರುಪಿನ ಥ್ರೆಡ್ ಮೇಲೆ ಹೆಬ್ಬೆರಳಿನ ಉಗುರು ಎಳೆದರು. ನೋಟ ಮಾತ್ರ ರಸ್ತೆಯ ಮೇಲೆ. ಆಮೇಲೆ ನೂರಾರು ನಟ್ಟುಗಳಿದ್ದ ಡಬ್ಬಿಯಿಂದ ಒಂದನ್ನು ಎತ್ತಿ ಕಂಬಿಗೆ ಹಾಕಿದರು. ಅದು ಬೆಣ್ಣೆಯಂತೆ ಇಳಿಯಿತು. ಅಳತೆ ಮುಗಿಯಿತು! ಹಿತ್ತಾಳೆಯ ತುಂಡು ಲೇತಿಗೆ ಸಿಕ್ಕಿ, ಒಳಗೆ ಕಂಬಿಯ ಥ್ರೆಡ್, ಹೊರಗೆ ನಾಬಿನ ಥ್ರೆಡ್ ಇರುವ ಪುಟ್ಟ ಬುಷ್ ಆಗಿ ಹೊರಬಂತು. ನಾಬ್ ಬಿಗಿಯಾಗಿ ಕೂತಿತು. ಆದರೆ ಅಂಕಿಗಳು ಅಡ್ಡಡ್ಡ ಮಲಗಿದ್ದವು. ರಿವರ್ಸಿನ ಗುರುತು ಐದನೇ ಗೇರಿನ ಜಾಗದಲ್ಲಿತ್ತು.

“ಇರಲಿ ಬಿಡಿ ಅಣ್ಣ, ಅಮ್ಮ ಕತ್ತು ವಾರೆ ಮಾಡ್ಕೊಂಡು ಓದ್ಕೋತಾರೆ. ಇವತ್ತು ಅವರದೇ ಟೆಸ್ಟು.”

“ಅವ್ವಾರ ಟೆಸ್ಟೇನು? ಮೊದ್ಲ ಹೇಳಬಾರ್ದೇನ್ರೀ!”

ಬುಷ್ ಬಿಚ್ಚಿ ಮತ್ತೆ ಲೇತಿಗೆ ಕೊಟ್ಟು, ಅದರ ತುದಿಯಿಂದ ಒಂದೇ ಒಂದು ಪದರ ತೆಗೆದರು. ಕೆಳಗೆ ಬಿದ್ದದ್ದು ಈರುಳ್ಳಿ ಸಿಪ್ಪೆಯಷ್ಟು ತೆಳು. ಮತ್ತೆ ಹಾಕಿ ತಿರುಗಿಸಿದರೆ, ನಾಬ್ ಸರಿಯಾಗಿ ಕಾಲು ಸುತ್ತು ಮುಂದೆ ಹೋಗಿ ಗಟ್ಟಿಯಾಗಿ ನಿಂತಿತು. ಅಂಕಿಗಳೆಲ್ಲ ನೆಟ್ಟಗೆ! ಇಷ್ಟು ಸಿಪ್ಪೆ ತೆಗೆದರೆ ಇಷ್ಟೇ ತಿರುಗುತ್ತದೆ ಎಂದು ಆ ಕೈಗೆ ಗೊತ್ತಿತ್ತು. ನಾಲ್ಕು ವರ್ಷ ಮೆಕ್ಯಾನಿಕಲ್ ಇಂಜಿನಿಯರಿಂಗ್ ಓದಿದ ನಾನು ಬಾಯಿ ತೆರೆದು ನಿಂತಿದ್ದೆ. ಒಂದು ನೊಣ ಒಳಗೆ ಹೋಗಿ ಊರೆಲ್ಲ ಸುತ್ತಿ ವಾಪಸ್ ಬಂದಿರಬೇಕು.

ಎರಡು ಗಂಟೆಗೆ ಅಮ್ಮನಿಗೆ ಕಾರು ಒಪ್ಪಿಸಿ ಟೆಸ್ಟ್ ಮೈದಾನದ ಬೇಲಿ ಹಿಡಿದು ನಿಂತೆ. ಇನ್‌ಸ್ಪೆಕ್ಟರ್ ಹಿಂದಕ್ಕೆ ಹೋಗುವಂತೆ ಕೈ ಆಡಿಸಿದರು. ಅಮ್ಮ ಒಮ್ಮೆ ನಾಬ್ ನೋಡಿದಳು. ಕಾರಿನ ಹಿಂದೆ ರಿವರ್ಸಿನ ಬಿಳಿ ದೀಪ ಹೊತ್ತಿಕೊಂಡಿತು. ಕಾರು ಗೆರೆ ಎಳೆದಂತೆ ಹಿಂದೆ ಬಂದು ನಿಂತಿತು.

“ಬಿತ್ತು! ರಿವರ್ಸ್ ಬಿತ್ತು!” ಎಂದು ಕಿರುಚಿಬಿಟ್ಟೆ.

ಇನ್‌ಸ್ಪೆಕ್ಟರ್ ತಿರುಗಿದರು. “ಯಾರಮ್ಮ ಅದು?”

ಅಮ್ಮ ಕಿಟಕಿಯಿಂದ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

“ಗೊತ್ತಿಲ್ಲ ಸಾರ್.”