ಎದುರಿಗೆ ಕೂರಿಸಿ ಕಲಿಸಿದ ಮೌಶಿ

ಕಳೆದ ತಿಂಗಳು ತಂಗಿಯ ಮಗಳು ರಜೆಗೆಂದು ಚಿಕ್ಕೋಡಿಯ ನಮ್ಮ ಮನೆಗೆ ಬಂದವಳು ಒಂದು ಪಾರ್ಸಲ್ ತರಿಸಿಕೊಂಡಳು. ಮನೆಯಲ್ಲೇ ಕೂತು ಚರ್ಮದ ಸಣ್ಣಪುಟ್ಟ ಸಾಮಾನು ಹೊಲಿಯಲು ಕಲಿಯುವವರಿಗೆಂದು ಮಾಡಿದ ಪೆಟ್ಟಿಗೆ. ಒಳಗೆ ಕತ್ತರಿಸಿಟ್ಟ ಚರ್ಮದ ತುಂಡುಗಳು, ದಾರದ ಉಂಡೆ, ಸೂಜಿಗಳು, ತೂತು ಹಾಕುವುದಕ್ಕೆ ಮರದ ಹಿಡಿಯ ಒಂದು ಆರಿ. ಅವಳು ಪ್ಲಾಸ್ಟಿಕ್ ಹರಿದದ್ದೇ ತಡ, ಹದ ಮಾಡಿದ ತೊಗಲಿನ ವಾಸನೆ ಅಡುಗೆಮನೆಯವರೆಗೂ ಬಂತು. ಅದರಲ್ಲಿ ಸ್ವಲ್ಪ ಮೇಣ, ಸ್ವಲ್ಪ ಅಳಲೆಕಾಯಿಯ ಒಗರು… ಒಲೆಯ ಮೇಲೆ ಹಾಲಿಟ್ಟಿದ್ದೆ. ಅದು ಉಕ್ಕಿ ಹರಿದದ್ದು ನನಗೆ ಗೊತ್ತೇ ಆಗಲಿಲ್ಲ.

"ದೊಡ್ಡವ್ವಾ, ಬಾ ಇಲ್ಲೆ, ನನ್ನ ಬಾಜೂಕ ಕುಂತು ನೋಡು" ಎಂದು ಕರೆದಳು. ತಂಬಿಗೆಗೆ ಫೋನು ಒರಗಿಸಿ ವಿಡಿಯೋ ಹಚ್ಚಿಕೊಂಡಿದ್ದಳು. ನಾನು ಹೋದೆ. ಪಕ್ಕದಲ್ಲಿ ಕೂರಲಿಲ್ಲ. ಸುತ್ತಿ ಹೋಗಿ ಅವಳ ಎದುರಿಗೆ ಕೂತೆ. ಯಾಕೆಂದು ಅವಳು ಕೇಳಲಿಲ್ಲ. ಕೇಳಿದ್ದರೆ ಅಥಣಿಯ ಮೌಶಿಯ ವಿಷಯ ಹೇಳಬೇಕಾಗುತ್ತಿತ್ತು.

ನಾನು ಆಗ ಅಥಣಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕಿ. ತವರು ಐನಾಪುರ. ನಮ್ಮದು ದ್ರಾಕ್ಷಿ, ಕಬ್ಬು ಇರುವ ಮನೆ. ಮದುವೆಯ ಮಾತು ಬಂದಾಗಲೆಲ್ಲ ಏನಾದರೊಂದು ನೆಪ ಹೇಳಿ ನೌಕರಿ ಹಿಡಿದುಕೊಂಡು ಬಂದವಳು. ಬಾಡಿಗೆಗೆ ಸಿಕ್ಕ ಮಾಳಿಗೆಯ ಕೋಣೆ ಚಪ್ಪಲಿ ಮಾಡುವವರ ಓಣಿಯ ಅಂಚಿನಲ್ಲಿತ್ತು. ಅವ್ವ ಒಮ್ಮೆ ಬಂದು ನೋಡಿ ಮೂಗಿಗೆ ಸೆರಗು ಹಿಡಿದು, "ಊರಾಗ ಬ್ಯಾರೆ ಮನೀನ ಇರಲಿಲ್ಲೇನ?" ಎಂದಿದ್ದಳು. ನನಗೆ ಮಾತ್ರ ಆ ವಾಸನೆ ಎರಡು ದಿನದಲ್ಲೇ ರೂಢಿಯಾಗಿತ್ತು.

ನನ್ನ ಮೆಟ್ಟಿಲು ಇಳಿದರೆ ಸಿಗುವ ಮೊದಲ ಮನೆ ಮೌಶಿಯದು. ಚಿಕ್ಕಮ್ಮ ಎಂಬ ಅರ್ಥದಲ್ಲಿ ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು, ನಾನೂ ಕರೆದೆ. ಗಂಡ ತೀರಿಕೊಂಡ ಮೇಲೆ ಆಕೆ ಚಪ್ಪಲಿ ಬಿಟ್ಟು, ಉಳಿದ ಮನೆಗಳಿಂದ ಚೂರು ತೊಗಲು ತಂದು ಪರ್ಸು, ಕನ್ನಡಕದ ಚೀಲ, ಎಲೆ-ಅಡಿಕೆಯ ಚಂಚಿ ಹೊಲಿಯುತ್ತಿದ್ದಳು. ಜೊತೆಗೆ ಒಬ್ಬಳೇ ಮಗಳು, ಹೆಚ್ಚುಕಡಿಮೆ ನನ್ನ ವಯಸ್ಸಿನವಳು. ಮಗಳಿಗೆ ಬಲಗಣ್ಣು ಇರಲಿಲ್ಲ. ಚಿಕ್ಕವಳಿದ್ದಾಗ ಆಡುತ್ತ ಆರಿಯ ಮೇಲೆ ಬಿದ್ದಳಂತೆ ಎಂದು ಓಣಿಯವರು ಹೇಳುತ್ತಿದ್ದರು. ಆಕೆ ರೊಟ್ಟಿ ಬಡಿಯುತ್ತಿದ್ದಳು, ತೊಗಲು ನೆನೆಹಾಕುತ್ತಿದ್ದಳು, ಬಣ್ಣ ಹಚ್ಚಿ ಒಣಗಿಸುತ್ತಿದ್ದಳು. ಆರಿಯನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಮೌಶಿ ಮುಟ್ಟಗೊಡುತ್ತಿರಲಿಲ್ಲ.

ಒಂದು ದಿನ ನನ್ನ ಬ್ಯಾಗಿನ ಪಟ್ಟಿ ಕಿತ್ತುಹೋಗಿ ಮೌಶಿಯ ಹತ್ತಿರ ಹೋದೆ. ಆಕೆ ಹೊಲಿಯುವುದನ್ನು ನೋಡುತ್ತ ನಿಂತವಳಿಗೆ ಅಲ್ಲಿಂದ ಕಾಲು ಕೀಳಲಾಗಲಿಲ್ಲ. ಒಂದೇ ದಾರ, ಎರಡೂ ತುದಿಗೆ ಸೂಜಿ. ಆರಿಯಿಂದ ಒಂದು ತೂತು. ಆ ಕಡೆಯಿಂದ ಒಂದು ಸೂಜಿ, ಈ ಕಡೆಯಿಂದ ಇನ್ನೊಂದು. ಆಮೇಲೆ ಎರಡೂ ಕೈ ಅಗಲಕ್ಕೆ ಚಾಚಿ ಒಂದು ಎಳೆತ. ಹಕ್ಕಿ ರೆಕ್ಕೆ ಬಿಚ್ಚಿದ ಹಾಗೆ. ಆರಿ ಬಲಗೈಯ ಬೆರಳುಗಳಲ್ಲೇ ಸಿಕ್ಕಿಕೊಂಡಿರುತ್ತಿತ್ತು, ಅದನ್ನು ಕೆಳಗಿಡುತ್ತಲೇ ಇರಲಿಲ್ಲ.

"ಮೌಶಿ, ನನಗೂ ಕಲಸ್ರಿ" ಎಂದೆ.

"ನಾ ಯಾರಿಗೂ ಕಲಸಂಗಿಲ್ರಿ ಅಕ್ಕೋರ."

ನಮ್ಮ ಕಡೆ ಶಾಲೆಯ ಶಿಕ್ಷಕಿಯರಿಗೆ ಅಕ್ಕೋರು ಎನ್ನುತ್ತಾರೆ. ನಾನು ಬಿಡಲಿಲ್ಲ. ಸಂಜೆ ಶಾಲೆಯಿಂದ ಬರುವಾಗಲೆಲ್ಲ ಆಕೆಯ ಕಟ್ಟೆಗೆ ಕೂತೆ. ಕಡೆಗೆ ಬೇಸತ್ತು ಒಪ್ಪಿದಳು. ಒಂದೇ ಕರಾರು. "ಎದುರ ಕುಂಡರ್ರಿ. ಬಾಜೂಕ ಬರಬ್ಯಾಡ್ರಿ." ತೊಗಲು ಬಡಿಯುವ ಕಲ್ಲು ನಮ್ಮಿಬ್ಬರ ನಡುವೆ ಇರುತ್ತಿತ್ತು. ಮರೆತು ಪಕ್ಕಕ್ಕೆ ಸರಿದರೆ ಆಕೆ ಕೆಲಸ ನಿಲ್ಲಿಸಿ ಸುಮ್ಮನೆ ಕಾಯುತ್ತಿದ್ದಳು. ಅದು ಆಕೆಯ ಪದ್ಧತಿ ಎಂದುಕೊಂಡೆ.

ಕೋಣೆಯಲ್ಲಿ ಒಬ್ಬಳೇ ಕೂತು ಹೊಲಿಯಲು ನನಗೆ ಚೂರುಗಳನ್ನು ಕೊಟ್ಟು ಕಳಿಸುತ್ತಿದ್ದಳು. ಎರಡು ಮೊಣಕಾಲಿನ ನಡುವೆ ತೊಗಲು ಒತ್ತಿ ಹಿಡಿದರೆ ಅದು ಜಾರುತ್ತಿತ್ತು. ಸೂಜಿ ಮೊದಲಿನ ದಾರವನ್ನೇ ಚುಚ್ಚಿ ಗಂಟಾಗುತ್ತಿತ್ತು. ನನ್ನ ಹೊಲಿಗೆ ಒಂದು ಕಡೆ ನೆಟ್ಟಗೆ, ತಿರುವಿದರೆ ಕುಡಿದವನ ನಡಿಗೆ. ಅಂಚಿಗೆ ಸಮಾನಾಂತರ ಗೆರೆ ಎಳೆಯಲು ನಾನು ಶಾಲೆಯ ಕಂಪಾಸಿನ ಕೈವಾರ ತಂದ ದಿನ ಮೌಶಿ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದು ನನಗ ಇರಲಿ, ನೀವು ಸಾಳಿಗೆ ಬ್ಯಾರೆ ತಗೋರಿ" ಎಂದು ನಕ್ಕು ಇಟ್ಟುಕೊಂಡಳು. ಆಕೆ ಬಾಯಿತುಂಬ ನಕ್ಕಿದ್ದು ನಾನು ನೋಡಿದ್ದು ಅವತ್ತೇ ಇರಬೇಕು.

ನಾವು ಹೀಗೆ ಕೂತಾಗಲೆಲ್ಲ ಮಗಳು ಒಳಬಾಗಿಲ ಹೊಸ್ತಿಲಿಗೆ ಬಂದು ನಿಲ್ಲುತ್ತಿದ್ದಳು. ಕೈಯಲ್ಲಿ ಮೊರವೋ ಪಾತ್ರೆಯೋ ಏನಾದರೊಂದು. ತಾಯಿ ತಲೆ ಎತ್ತಿದರೆ ಒಳಗೆ ಹೋಗಿಬಿಡುತ್ತಿದ್ದಳು…

ಬಟ್ಟೆ ಒಣಹಾಕಲು ಮಗಳು ನಮ್ಮ ಮಾಳಿಗೆಗೆ ಬರುವುದಿತ್ತು. ಹಾಗೆ ಬಂದವಳು ಒಂದು ಮಧ್ಯಾಹ್ನ ನನ್ನ ಅರೆಬರೆ ಪರ್ಸನ್ನು ಎತ್ತಿಕೊಂಡು, "ಇಲ್ಲೆ ದಾರಾ ಉಲ್ಟಾ ಬಂದೈತ್ರಿ ಅಕ್ಕೋರ" ಎಂದಳು. ಹೌದು, ಬಂದಿತ್ತು. "ಹಂಗಾರ ನೀನ ಸರಿ ಮಾಡು" ಎಂದೆ. ಆಕೆ ಮೆಟ್ಟಿಲ ಕಡೆ ನೋಡಿದಳು. ಆಮೇಲೆ ಕೂತಳು.

ಒಂದು ಕಣ್ಣಿನ ಲೆಕ್ಕಕ್ಕೆ ತೂತು ಎಷ್ಟು ದೂರವಿದೆ ಎಂಬುದು ಸರಿಯಾಗಿ ಸಿಗುವುದಿಲ್ಲ. ಹಾಗಾಗಿ ಆಕೆ ಮೊದಲು ಬೆರಳ ತುದಿಯಿಂದ ತೂತನ್ನು ತಡವಿ, ಆ ಬೆರಳನ್ನೇ ದಾರಿ ಮಾಡಿಕೊಂಡು ಸೂಜಿ ಬಿಡುತ್ತಿದ್ದಳು. ಹುಟ್ಟಿದಾಗಿನಿಂದ ನೋಡುತ್ತ ಬಂದ ಕೆಲಸ. ನಾನು ತಿಂಗಳುಗಟ್ಟಲೆ ಒದ್ದಾಡಿದ್ದು ಆಕೆಗೆ ಕೆಲವೇ ದಿನಗಳಲ್ಲಿ ಬಂತು. ಆ ಚಳಿಗಾಲವೆಲ್ಲ ಕೆಳಗೆ ರಸ್ತೆಯಲ್ಲಿ ಉಗಾರದ ಸಕ್ಕರೆ ಕಾರ್ಖಾನೆಯ ಕಡೆಗೆ ಕಬ್ಬಿನ ಟ್ರ್ಯಾಕ್ಟರುಗಳು ಹಾಡು ಹಚ್ಚಿಕೊಂಡು ಹೋಗುತ್ತಿದ್ದವು, ಮೇಲೆ ನಾವಿಬ್ಬರು ಕೋಣೆಯಲ್ಲಿ ಹೊಲಿಯುತ್ತಿದ್ದೆವು. ಮೌಶಿಗೆ ಹೇಳಲಿಲ್ಲ. ಒಂದು ದಿನ ಮುಗಿದ ಪರ್ಸನ್ನು ತೋರಿಸಿ ಆಕೆಯನ್ನು ಬೆರಗುಗೊಳಿಸೋಣ ಎಂದು ನನ್ನ ಆಸೆ. ಸಂಜೆ ಕೆಳಗಿಳಿದು ಮೌಶಿಯ ಎದುರು ಕೂತಾಗ ಮಾತ್ರ ಆಕೆಯ ಮುಖ ನೋಡಲು ಆಗುತ್ತಿರಲಿಲ್ಲ.

ಒಂದು ರವಿವಾರ ಮೌಶಿ ತಾನಾಗಿಯೇ ಮೆಟ್ಟಿಲು ಹತ್ತಿ ಬಂದಳು. ಮೊಣಕಾಲು ನೋವಿನ ಆಕೆ ಯಾವತ್ತೂ ಮೇಲೆ ಬಂದವಳಲ್ಲ. ನನಗೆಂದು ಹುರಿದ ಶೇಂಗಾ ತಂದಿದ್ದಳು. ಬಾಗಿಲು ತೆರೆದೇ ಇತ್ತು. ಮಗಳು ಅದೇ ಹೊತ್ತಿಗೆ ಎರಡೂ ಕೈ ಅಗಲಿಸಿ ದಾರ ಎಳೆಯುತ್ತಿದ್ದಳು. ಬಲಗೈಯಲ್ಲಿ ಆರಿ. ನಾನು ಅವಳ ಬಲಕ್ಕೆ, ಹೊಲಿಗೆಯ ಮೇಲೆ ಬಗ್ಗಿ ಕೂತಿದ್ದೆ.

"ಸರೀರಿ! ಅಕ್ಕೋರ, ಸರೀರಿ ಬಾಜೂಕ!"

ಅದು ಕೂಗಾಗಿರಲಿಲ್ಲ, ಚೀರುವಿಕೆ. ಶೇಂಗಾ ನೆಲದ ತುಂಬ ಚೆಲ್ಲಿತು. ನಾನು ಗೋಡೆಗೆ ಹೋಗಿ ಬಡಿದುಕೊಂಡೆ. ಮೌಶಿ ಹೊಸ್ತಿಲ ಮೇಲೆ ಕೂತಳು. ಬೈಯುತ್ತಾಳೆಂದು ನಾವಿಬ್ಬರೂ ಕಾದೆವು. ಆಕೆ ಬೈಯಲಿಲ್ಲ. ನನ್ನನ್ನು ನೋಡಿಯೇ ಮಾತಾಡಿದಳು, ಮಗಳನ್ನು ನೋಡಲಿಲ್ಲ.

"ಅಕಿ ಬಿದ್ದಿಲ್ರಿ ಅಕ್ಕೋರ. ನನ್ನ ಕೈನ ಬಡದೈತಿ. ಕಲಸಾಕಂತ ಬಾಜೂಕ ಕುಂಡರಿಸಿಕೊಂಡಿದ್ನಿ. ದಾರಾ ಎಳದ್ನಿ, ಕೈಯಾಗ ಆರಿ ಇತ್ತು. ಅಕಿ ಬಗ್ಗಿದ್ದು ನಾ ನೋಡಲಿಲ್ಲ… ಊರಿಗೆಲ್ಲಾ ಬಿದ್ದಾಳಂತ ಹೇಳಿದ್ನಿ. ಅಕಿ ಅಪ್ಪಗೂ ಹಂಗ ಹೇಳಿದ್ನಿ. ಅಕಿಗೂ."

ಮಗಳು ಆರಿಯನ್ನು ಮೆಲ್ಲಗೆ ನೆಲದ ಮೇಲಿಟ್ಟಳು.

"ನನಗ ನೆನಪೈತಿ ಅವ್ವಾ" ಎಂದಳು. "ನೀ ಬಿದ್ದಿ ಅಂದಿ. ನಾನೂ ಬಿದ್ನಿ ಅಂದ್ನಿ."

ಆಮೇಲೆ ಅವರಿಬ್ಬರೂ ಅಳಲಿಲ್ಲ. ಅಪ್ಪಿಕೊಳ್ಳಲೂ ಇಲ್ಲ. ಮಗಳು ನೆಲದ ಮೇಲಿನ ಶೇಂಗಾ ಒಂದೊಂದಾಗಿ ಆರಿಸತೊಡಗಿದಳು. ಮೌಶಿ ಪರ್ಸನ್ನು ಎತ್ತಿಕೊಂಡು ಹೊಲಿಗೆಯ ಮೇಲೆ ಹೆಬ್ಬೆರಳು ಎಳೆದಳು, ತಿರುವಿ ಇನ್ನೊಂದು ಕಡೆಯೂ ಎಳೆದಳು. "ಇನ್ನ ಮ್ಯಾಲ ನೀನ ಮಾಡು" ಎಂದು ಮಗಳಿಗೆ ಹೇಳಿ, ಗೋಡೆ ಹಿಡಿದುಕೊಂಡು ಮೆಟ್ಟಿಲಿಳಿದಳು. ನನಗೆ ಎದೆಯ ಮೇಲಿನ ಭಾರ ಇಳಿದ ಹಾಗಾಯಿತು. ಆಕೆಯ ಭಾರವೂ ಇಳಿಯಿತು ಎಂದುಕೊಂಡೆ. ಎಷ್ಟೋ ದಿನ ಒಳಗೊಳಗೇ ಬೀಗಿದೆ ಕೂಡ.

ಮಾರನೆಯ ದಿನ ಕಲ್ಲು, ಆರಿ, ಮೇಣ ಎಲ್ಲ ಮಗಳು ಕೂರುವ ಜಾಗಕ್ಕೆ ಹೋಗಿದ್ದವು. ಮೌಶಿ ಬಾಗಿಲ ಹೊರಗೆ, ಕಟ್ಟೆಯ ಆ ತುದಿಗೆ ಕೂತು ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಒಂದೆರಡು ದಿನ ಹೀಗಿದ್ದು ಮತ್ತೆ ಆರಿ ಹಿಡಿಯುತ್ತಾಳೆ ಎಂದು ನಾವು ತಿಳಿದೆವು. ಆಕೆ ಹಿಡಿಯಲಿಲ್ಲ. ಹಳೆಯ ಗಿರಾಕಿಗಳು ಬಂದು ನಿನ್ನ ಕೈದೇ ಬೇಕು ಎಂದರೆ, "ಮಗಳ ಮಾಡ್ತಾಳ, ನೋಡ್ರಿ, ಛಲೋ ಮಾಡ್ತಾಳ" ಎಂದು ಒಳಗೆ ಕಳಿಸುತ್ತಿದ್ದಳು. ನನ್ನ ಪಾಠವೂ ನಿಂತಿತು. ಅಷ್ಟು ವರ್ಷ ಮಗಳನ್ನು ಆರಿಯಿಂದ ದೂರ ಇಟ್ಟುಕೊಂಡೇ ಆಕೆ ತನ್ನ ಕೆಲಸ ಮಾಡಿಕೊಂಡು ಬಂದಿದ್ದಳು. ಸುಳ್ಳಿನ ಆಸರೆಯಲ್ಲಿ ನಡೆಯುತ್ತಿದ್ದ ಕೈ, ನಿಜ ಹೇಳಿದ ಮೇಲೆ ನಿಂತುಬಿಟ್ಟಿತು. ಬಿಡುವಿಲ್ಲದೆ ದುಡಿದ ಆ ಎರಡು ಕೈಗಳು ಮಡಿಲಲ್ಲಿ ಖಾಲಿ ಬಿದ್ದಿರುವುದನ್ನು ನೋಡಲಾಗದೆ ನಾನು ಶಾಲೆಗೆ ಓಣಿಯ ಆ ಕಡೆಯ ದಾರಿಯಿಂದ ಹೋಗತೊಡಗಿದೆ.

ಮುಂದೆ ನನಗೆ ರಾಯಬಾಗದ ಕಡೆ ವರ್ಗವಾಯಿತು, ಆಮೇಲೆ ಚಿಕ್ಕೋಡಿಗೆ. ಮೊದಮೊದಲು ಹೋಗಿ ಬರುತ್ತಿದ್ದೆ. ಆಮೇಲೆ ಫೋನು. ಆಮೇಲೆ ಅದೂ… ಮೌಶಿ ತೀರಿಕೊಂಡ ಸುದ್ದಿ ನನಗೆ ತಲುಪಿದಾಗ ದಿನಕರ್ಮಗಳೆಲ್ಲ ಮುಗಿದಿದ್ದವು.

ತಂಗಿಯ ಮಗಳು ರಜೆ ಮುಗಿಸಿ ಹೋದ ಮೇಲೆ, ಹೋದ ವಾರ, ಅಥಣಿಗೆ ಹೋಗಿ ಬಂದೆ. ಮಗಳ ತಲೆಯಲ್ಲಿ ಬಿಳಿಗೂದಲು. ಕೆಲಸ ಚೆನ್ನಾಗಿ ನಡೆದಿದೆ, ಓಣಿಯ ಹೆಂಗಸರು ಕೆಲವರು ಆಕೆಯ ಹತ್ತಿರ ಕಲಿಯುತ್ತಾರೆ. ಚಹಾ ಮಾಡಿಕೊಟ್ಟಳು. ಮೌಶಿ ಮತ್ತೆ ಒಮ್ಮೆಯೂ ಹೊಲಿಯಲಿಲ್ಲವೇ ಎಂದು ಕೇಳಿದೆ. ಕೇಳಲೆಂದೇ ಹೋಗಿದ್ದೆ.

"ಒಂದ ಸಲ ಹೂಂ ಅಂದಿದ್ಲ್ರಿ. ನಾನ ಗಂಟಬಿದ್ದು ಕೈಯಾಗ ಆರಿ ಕೊಟ್ನಿ. ನೀ ಹೊರಗ ಹೋಗಿ ಬಾಗಲಾ ಹಾಕ್ಕೋ ಅಂದ್ಲು. ಹಾಕ್ಕೊಂಡು ಕಟ್ಟಿ ಮ್ಯಾಲ ಕುಂತ್ನಿ. ಒಳಗ ಸಪ್ಪಳನ ಇಲ್ಲ. ಆಮ್ಯಾಲ ಕರದ್ಲು. ಹೋಗಿ ನೋಡಿದ್ರ ತೊಗಲ ಹಂಗ ಐತಿ, ಒಂದ ತೂತೂ ಹಾಕಿಲ್ಲ. ಬಾಗಲಾ ಹಾಕಿದ್ರೂ ನೀ ಇಲ್ಲೇ ಬಾಜೂಕ ಕುಂತಂಗ ಆಕ್ಕೈತಿ ಅಂದ್ಲು."

ಆಕೆ ಖಾಲಿ ಕಪ್ಪುಗಳನ್ನು ಎತ್ತಿಕೊಂಡು ಎದ್ದಳು.

"ನೀವು ಬಂದು ಎದುರ ಕುಂತಿದ್ರ ಹಿಡೀತಿದ್ಲೇನೋ" ಎಂದಳು, ಒಳಗೆ ಹೋಗುತ್ತ. ದೂರಿನ ದನಿಯಲ್ಲ. ನೀರಿನ ಸಪ್ಪಳದಲ್ಲಿ ಆಮೇಲೆ ಇನ್ನೂ ಏನೋ ಅಂದಳು, ನನಗೆ ಕೇಳಿಸಲಿಲ್ಲ. ಕೇಳಿಸಿಕೊಳ್ಳಲು ನಾನು ಎದ್ದೂ ಹೋಗಲಿಲ್ಲ.