ಉಡಿಯಲ್ಲಿ ಹಿಡಿದ ಚೆಂಡು

ಮೊದಲ ದಿನ ನಾನು ಎಸೆದ ಚೆಂಡನ್ನು ಯಾರೂ ಹಿಡಿಯಲಿಲ್ಲ, ನೆಲ ನುಂಗಿತು. ನವಲಗುಂದದ ಕಪ್ಪು ಎರೆ ಭೂಮಿ ಮಳೆಗೆ ಮುಂಚೆ ಹೀಗೆ ಬಿರುಕು ಬಿಟ್ಟುಕೊಂಡಿರುತ್ತದೆ ಎಂದು ಮೈಸೂರಿನ ಕೆಂಪು ಮಣ್ಣಿನಲ್ಲಿ ಓಡಿ ಬೆಳೆದ ನನಗೆ ಯಾರೂ ಹೇಳಿರಲಿಲ್ಲ. ಒಂಬತ್ತನೆಯ ತರಗತಿಯ ನೀಲವ್ವ ನೆಲದ ಮೇಲೆ ಬೋರಲು ಮಲಗಿ, ಬಿರುಕಿನೊಳಗೆ ಭುಜದವರೆಗೆ ಕೈ ಇಳಿಸಿ, ರಬ್ಬರ್ ಚೆಂಡನ್ನು ತಡಕಿ ತೆಗೆದಳು.

"ಇದು ಸಣ್ಣ ಬಿರುಕ್ರಿ ಅಕ್ಕಾರ. ನಮ್ಮ ಹೊಲದಾಗ ಬಿದ್ದ ಕುಡಗೋಲು ಇನ್ನೂ ಸಿಕ್ಕಿಲ್ರಿ" ಎಂದಳು.

ಇಲ್ಲಿ ಟೀಚರಮ್ಮನಿಗೆ ಅಕ್ಕಾರು ಎನ್ನುತ್ತಾರೆ. ಊರಿಗೆಲ್ಲ ಅಕ್ಕನಾಗಿಬಿಟ್ಟೆ ಎಂದು ಮೊದಲ ವಾರ ಹಿಗ್ಗಿದ್ದೆ. ಅಕ್ಕಾರ ಮಾತನ್ನು ಕೇಳಲೇಬೇಕೆಂದೇನೂ ಇಲ್ಲ ಎಂಬುದು ಆಮೇಲೆ ತಿಳಿಯಿತು.

ಮೊರಬದಿಂದ ಆಚೆಗಿನ ಈ ಹಳ್ಳಿಯ ಶಾಲೆಗೆ ನಾನು ವ್ಯಾಯಾಮ ಶಿಕ್ಷಕಿ. ಹುಡುಗಿಯರಿಗೆ ಸಾಫ್ಟ್‌ಬಾಲ್ ಕಲಿಸುತ್ತೇನೆ ಎಂದಾಗ ಹೆಡ್‌ಮಾಸ್ತರರು ಕನ್ನಡಕ ತೆಗೆದು ಒರೆಸಿಕೊಂಡರು. ಹುಡುಗಿಯರ ಆಟದ ಪೀರಿಯಡ್ಡನ್ನು ಹೊಲಿಗೆಗೆ ಕೊಡಬೇಕೆಂದು ಅವರು ಆಗಲೇ ತೀರ್ಮಾನಿಸಿದ್ದರು. ಕೊನೆಗೆ, "ತಾಲೂಕು ಪಂದ್ಯದಾಗ ಒಂದ ಮ್ಯಾಚ್ ಗೆದ್ದ ಬರ್ರಿ. ಗೆದ್ರ ಆಟ, ಇಲ್ಲಾಂದ್ರ ಹೊಲಿಗಿ" ಎಂದರು. ಸರಿ ಎಂದು ತಲೆಯಾಡಿಸಿ ಬಂದೆ.

ಚಿಕ್ಕವರದ್ದು ಒಂದು ಗುಂಪು, ದೊಡ್ಡವರದ್ದು ಇನ್ನೊಂದು. ಐದು, ಆರನೆಯ ತರಗತಿಯ ಚಿಕ್ಕವರಿಗೆ ಚೆಂಡೆಂದರೆ ಭಯ. ಅದಕ್ಕೇ ಹಳೆಯ ಬಟ್ಟೆಯಲ್ಲಿ ಹತ್ತಿ ತುಂಬಿ ನಾನೇ ಚೆಂಡು ಹೊಲಿದೆ. ಆಗಲೂ ಅವರು ಕಣ್ಣು ಮುಚ್ಚಿಕೊಂಡು, ಪರಕಾರವನ್ನು, ಎಂದರೆ ನಮ್ಮ ಕಡೆಯ ಲಂಗವನ್ನು, ಎರಡೂ ಕೈಯಲ್ಲಿ ಅಗಲಿಸಿ ಉಡಿ ಒಡ್ಡುತ್ತಿದ್ದರು. ಉಡಿ ಎಂದರೆ ನಮ್ಮ ಮಡಿಲು. ಹೆದರಿಕೆಯಾದರೂ ಹೋಗಲಿ ಎಂದು ನಾನು ಸುಮ್ಮನಿದ್ದೆ. ಸುಮ್ಮನಿದ್ದದ್ದಷ್ಟೇ ಅಲ್ಲ, ಉಡಿಯಲ್ಲಿ ಬಿದ್ದಾಗಲೆಲ್ಲ "ಔಟ್" ಎಂದು ಚಪ್ಪಾಳೆಯನ್ನೂ ತಟ್ಟುತ್ತಿದ್ದೆ.

ದೊಡ್ಡವರದ್ದು ಬೇರೆ ಪಾಡು. ಅವರು ಚೆಂಡು ಎಸೆದರೆ ಗುರಿ ತಪ್ಪದು, ಹೊಡೆದರೆ ಬೇಲಿಯಾಚೆ. ಗುಬ್ಬಿ ಓಡಿಸಲು ಕವಣೆ ಬೀಸಿದ ತೋಳುಗಳು. ಆದರೆ ಎತ್ತರದಿಂದ ಚೆಂಡು ಇಳಿಯತೊಡಗಿದರೆ ಸಾಕು, ಗ್ಲೌಸ್ ಕಿತ್ತೆಸೆದು ಪರಕಾರ ಅಗಲಿಸುವುದೇ. ಬಟ್ಟೆಯಲ್ಲಿ ಹಿಡಿದರೆ ಔಟ್ ಅಲ್ಲ ಎಂದು ಬೋರ್ಡಿನ ಮೇಲೆ ಬರೆದೆ, ಬೈದೆ, ಮೈದಾನದ ಸುತ್ತ ಓಡಿಸಿದೆ. ಮಳೆ ಬಂದ ಮೇಲೆ ಓಡಿಸುವ ಹಾಗೂ ಇರಲಿಲ್ಲ. ಎರೆ ಮಣ್ಣು ಕಾಲಿಗೆ ಮೆತ್ತಿಕೊಂಡು ಒಂದೊಂದು ಪಾದವೂ ಒಂದೊಂದು ಸೇರು ತೂಗುತ್ತಿತ್ತು. ಮೈಸೂರಿನಲ್ಲಿ ಮಳೆ ನಿಂತ ಅರ್ಧ ಗಂಟೆಗೆ ಆಡುತ್ತಿದ್ದೆವು. ಇಲ್ಲಿ ವಾರ ಕಾಯಬೇಕು.

ವಾರ ಕಾದು ಮೈದಾನಕ್ಕೆ ಹೋದರೆ ಹುಡುಗಿಯರೇ ಇಲ್ಲ. ಎಲ್ಲರೂ ಹೊಲಕ್ಕೆ ಹೆಸರುಕಾಳಿನ ಕಾಯಿ ಬಿಡಿಸಲು ಹೋಗಿದ್ದರು. ನಾನು ಬಾಡಿಗೆಗಿದ್ದದ್ದು ನೀಲವ್ವನ ಮನೆಯ ಮುಂದಿನ ಕೋಣೆಯಲ್ಲೇ. ಮನೆಗೆ ಬಂದು ಅವಳ ತಾಯಿ ಗಂಗವ್ವನ ಮೇಲೆ ಹರಿಹಾಯ್ದೆ. ಅವರು ರೊಟ್ಟಿ ಬಡಿಯುತ್ತಲೇ ಹೇಳಿದರು: "ಕಾಯಿ ಬಲಿತು ಸಿಡ್ಯಾಕ ಹತ್ಯಾವ್ರಿ. ಅವು ನಿಮ್ಮ ಪಂದ್ಯ ಮುಗಿಯೂತನಕ ಕಾಯತಾವೇನ್ರಿ? ಮೊದಲ ಊಟಾ ಮಾಡ್ರಿ."

ಇಲ್ಲಿ ಎಲ್ಲ ಜಗಳವೂ ಊಟದಲ್ಲಿ ಮುಗಿಯುತ್ತದೆ. ಅನ್ನವನ್ನು ಕೊನೆಯಲ್ಲಿ ಒಂದು ಹಿಡಿ ಬಡಿಸುತ್ತಾರೆ, ಔಷಧ ಕೊಟ್ಟಂತೆ. ಭಾನುವಾರಗಳಲ್ಲಿ ಬಾಗಿಲು ಹಾಕಿಕೊಂಡು, ಅಮ್ಮನ ಇನ್‌ಲ್ಯಾಂಡ್ ಪತ್ರ ಓದಿ ಅತ್ತದ್ದೂ ಉಂಟು. ನಾನು ತಟ್ಟಿದ ಮೊದಲ ರೊಟ್ಟಿ ಹರಿಯದೆ ಹಂಚಿಗೆ ಬಿದ್ದ ದಿನ ಮಾತ್ರ ಗಂಗವ್ವ, "ಬರೋಬ್ಬರಿ ಆತು ನೋಡ್ರಿ" ಎಂದರು. ಆ ಮೂರು ತಿಂಗಳಲ್ಲಿ ನಾನು ಗೆದ್ದದ್ದು ಅದೊಂದೇ.

ಹುಡುಗಿಯರು ಆಟಕ್ಕೆ ಬಾರದ ಸಿಟ್ಟಿನಲ್ಲಿ ಒಂದು ಸಂಜೆ ಹೊಲಕ್ಕೂ ಹೋದೆ. ಹುಡುಗಿಯರು ಬಗ್ಗಿ, ಎರಡೂ ಕೈಯಿಂದ ಕಾಯಿ ಕಿತ್ತು, ನೋಡದೆಯೇ ಉಡಿಗೆ ಹಾಕುತ್ತ ಸಾಗುತ್ತಿದ್ದರು. ಒಂದು ಕಾಯಿಯೂ ನೆಲಕ್ಕೆ ಬೀಳುತ್ತಿರಲಿಲ್ಲ. ಆಗಲಾದರೂ ನನಗೆ ಹೊಳೆಯಬೇಕಿತ್ತು. ನಾನು ಹಾಜರಿ ಪುಸ್ತಕ ತೋರಿಸಿ, ನಾಳೆ ಬರದಿದ್ದರೆ ನೋಡಿ ಎಂದು ಗದರಿಸಿ ಬಂದೆ.

ನವಲಗುಂದದಲ್ಲಿ ಪಂದ್ಯ. ಎದುರು ತಂಡದವರು ಮಂಡಿಯುದ್ದದ ಸ್ಕರ್ಟು ಹಾಕಿದ್ದರು. ನಮ್ಮವರ ಮನೆಗಳಲ್ಲಿ ಅದಕ್ಕೆ ಯಾರೂ ಒಪ್ಪಿರಲಿಲ್ಲ, ಪರಕಾರವೇ. ಆದರೂ ಕೊನೆಯ ಸರದಿಯ ಹೊತ್ತಿಗೆ ನಾವು ಒಂದು ರನ್ ಮುಂದಿದ್ದೆವು. ಎದುರು ತಂಡದ ಇಬ್ಬರು ಬೇಸುಗಳ ಮೇಲೆ ನಿಂತಿದ್ದರು, ನಮಗೆ ಬೇಕಿದ್ದದ್ದು ಒಂದೇ ಔಟ್. ಚೆಂಡು ಮೇಲೆ ಹೋಯಿತು. ಕೆಳಗೆ ನೀಲವ್ವ. ನಾನು ಗೆದ್ದೆನೆಂದೇ ಎದ್ದು ನಿಂತೆ.

ಗ್ಲೌಸ್ ಕಿತ್ತೆಸೆದಳು. ಉಡಿ ಒಡ್ಡಿದಳು. ಚೆಂಡು ಮೆತ್ತಗೆ ಬಂದು ಬಿತ್ತು. ನೋಡಲು ಬಂದಿದ್ದ ನಮ್ಮ ಚಿಕ್ಕವರೆಲ್ಲ "ಔಟ್" ಎಂದು ಚಪ್ಪಾಳೆ ತಟ್ಟಿದರು, ನಾನು ಕಲಿಸಿದ ಹಾಗೆಯೇ. ಅಂಪೈರ್ ಇಲ್ಲವೆಂದು ಕೈಯಾಡಿಸಿದ. ನೀಲವ್ವ ಉಡಿ ಹಿಡಿದುಕೊಂಡು ನಗುತ್ತ ನಿಂತೇ ಇದ್ದಳು. ಅಷ್ಟರಲ್ಲಿ ಅವರಿಬ್ಬರೂ ಓಡಿ ಮುಗಿಸಿ ಎರಡು ರನ್ ಗಳಿಸಿದ್ದರು, ನಾವು ಸೋತಿದ್ದೆವು.

ಎಲ್ಲರೆದುರು ಅವಳ ಮೇಲೆ ಕೂಗಾಡಿದೆ. "ಕೈ ಇಲ್ವೇನೇ ನಿಂಗೆ? ದೇವರು ಎರಡು ಕೈ ಕೊಟ್ಟಿಲ್ವಾ?" ಸಿಟ್ಟಿನಲ್ಲಿ ನನ್ನ ಬಾಯಿಗೆ ಬಂದದ್ದು ಮೈಸೂರಿನ ಮಾತೇ.

ಅವಳು ಅಳಲಿಲ್ಲ. ಚೆಂಡನ್ನು ಉಡಿಯಿಂದ ತೆಗೆದು ನನ್ನ ಕೈಗಿಟ್ಟಳು. "ಕೈಯಾಗಿಂದು ಜಾರತೈತ್ರಿ ಅಕ್ಕಾರ. ಉಡ್ಯಾಗ ಬಿದ್ದದ್ದು ಎಂದೂ ಜಾರಿಲ್ರಿ."

ಈಗ ಆ ಪೀರಿಯಡ್ಡಿನಲ್ಲಿ ಹೊಲಿಗೆ. ಹೊಲಿಗೆ ಟೀಚರ್ ಇಲ್ಲದ್ದರಿಂದ ಅದೇ ಹುಡುಗಿಯರಿಗೆ ಕಾಜ ಹೊಲಿಯುವುದನ್ನು ನಾನೇ ಕಲಿಸುತ್ತೇನೆ. ಕಿಟಕಿಯಾಚೆ ಹುಡುಗರು ನಮ್ಮ ಬ್ಯಾಟು ಹಿಡಿದು ಆಡುತ್ತಾರೆ. ನೀಲವ್ವ ಅತ್ತ ನೋಡುವುದಿಲ್ಲ, ಇತ್ತ ನನ್ನನ್ನೂ ನೋಡುವುದಿಲ್ಲ. ಅವಳನ್ನು ಹಾಗೆ ಬೈಯಬಾರದಿತ್ತು.

ದಸರೆ ರಜೆಗೆ ಹೊರಟಾಗ ವರ್ಗಾವಣೆ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡಿದ್ದೆ. ಗಂಗವ್ವ ಬಾಗಿಲಲ್ಲಿ ತಡೆದರು. "ಹೆಣ್ಣಮಗಳು ಬರೇ ಉಡೀಲೆ ಹೋಗಬಾರದ್ರಿ" ಎಂದು ಅಕ್ಕಿ, ಕೊಬ್ಬರಿ ಬಟ್ಟಲು, ಅಡಿಕೆ ಹಾಕಿದರು. ನಮ್ಮ ಕಡೆ ಮಡಿಲಕ್ಕಿ ಕಟ್ಟುವುದು ಮನೆಮಗಳಿಗೆ. ಗಂಟು ಬಿಗಿದು ಕೊಟ್ಟದ್ದು ನೀಲವ್ವ.

ಮೈಸೂರಿನ ಮನೆಯಲ್ಲಿ ಮೂರನೆಯ ದಿನ. ಅಮ್ಮ ಹಿತ್ತಲಿನ ಸೀಬೆ ಮರದಿಂದ ಹಣ್ಣು ಕಿತ್ತು, "ಹಿಡ್ಕೊಳೇ" ಎಂದು ಒಂದನ್ನು ನನ್ನತ್ತ ಎಸೆದಳು. ವಿಶ್ವವಿದ್ಯಾಲಯದ ತಂಡದಲ್ಲಿ ಆಡಿದ್ದ ನಾನು ಯೋಚಿಸಲೂ ಇಲ್ಲ. ಸೆರಗು ಅಗಲಿಸಿ ಒಡ್ಡಿದೆ. ಹಣ್ಣು ಮೆತ್ತಗೆ ಬಂದು ಬಿತ್ತು.

ಅಮ್ಮ ನಕ್ಕಳು. "ಕೈ ಇಲ್ವೇನೇ ನಿಂಗೆ?"